ಒಂದು ಖಳಪಾತ್ರದ ಪೂರ್ವಚರಿತ್ರೆ

ನನ್ನ ಪ್ರಾಯದ ಓದುಗರಿಗೆ ಹೀ-ಮ್ಯಾನ್ ಎಂಬ ಕಾರ್ಟೂನ್ ವೀರನ ನೆನಪಿರಬಹುದು. ಅವನಿಗೆ ಶೀ-ರಾ ಎಂಬ ಅವಳಿ ಸೋದರಿಯೊಬ್ಬಳನ್ನು ಕಲ್ಪಿಸಿ, ಅಮೆರಿಕದ ಫಿಲ್ಮೇಷನ್ ಸಂಸ್ಥೆಯವರು 1985ರಲ್ಲಿ ಬೇರೊಂದು ಸರಣಿಯನ್ನು ಹೊರತಂದರು. ಅದರಲ್ಲಿ ಹೋರ್ಡ್ ಎಂಬುದು ದುಷ್ಟರ ಪಡೆ. ಆ ಪಡೆಯಲ್ಲಿ ಎಂಟ್ರಾಪ್ಟಾ ಎಂಬವಳೊಬ್ಬಳು. ಉದ್ದನೆಯ ಜಡೆಗಳೇ ಅವಳ ಆಯುಧ, ಬಲೆ ಬೋನುಗಳನ್ನು ಒಡ್ಡುವುದೇ ಅವಳ ಕಸುಬು. ಅವಳೇಕೆ ಕೆಟ್ಟವಳು ಎಂಬುದರ ಗೊಡವೆಗೆ ಆ ಸರಣಿ ಹೋಗಲಿಲ್ಲ. ದುಷ್ಟರ ಪಡೆಯಲ್ಲಿದ್ದಾಳೆ, ಆದ್ದರಿಂದ ಖಳನಾಯಕಿ, ಅಷ್ಟಕ್ಕೇ ಮುಗಿಯಿತು.

ಮೂವತ್ತಮೂರು ವರ್ಷಗಳ ತರುವಾಯ, 2018ರ ನವೆಂಬರಿನಲ್ಲಿ, ಅದೇ ಶೀ-ರಾ ನೆಟ್‌ಫ್ಲಿಕ್ಸಿನಲ್ಲಿ ಹೊಸ ರೂಪ ತಾಳಿ ಬಂದಳು. ಎನ್. ಡಿ. ಸ್ಟೀವನ್‌ಸನ್ ಅವರ ನೇತೃತ್ವದಲ್ಲಿ ತಯಾರಾದ ಈ ಸರಣಿ 2020ರ ಮೇ ತಿಂಗಳವರೆಗೆ ಐದು ಭಾಗಗಳಲ್ಲಿ, 52 ಕಂತುಗಳಾಗಿ ನಡೆಯಿತು. ಇದರ ಎಂಟ್ರಾಪ್ಟಾ ಡ್ರಿಲ್ ಎಂಬ ನಾಡಿನ ರಾಜಕುಮಾರಿ. ಜಡೆಗಳು ಹಿಂದಿನಂತೆಯೇ ಇವೆ, ಆದರೆ ಈಗ ಅವು ಅವಳಿಗೆ ಎರಡು ಹೆಚ್ಚಿನ ಕೈಗಳಿದ್ದಂತೆ. ಯಂತ್ರವೆಂದರೆ ಅವಳಿಗೆ ಜೀವ. ತಿನ್ನುವ ಪದಾರ್ಥಗಳೆಲ್ಲ ಬೊಂಬೆಯ ಅಡುಗೆಮನೆಯಿಂದ ಬಂದಂತೆ ಪುಟ್ಟದಾಗಿರಬೇಕು. ಕಂಡದ್ದನ್ನೆಲ್ಲ ಧ್ವನಿಮುದ್ರಣ ಮಾಡಿಟ್ಟುಕೊಳ್ಳುತ್ತಾಳೆ. ಎದುರಿಗಿದ್ದವರು ಬೇಸರಗೊಂಡರೋ ಸಂತೋಷಪಟ್ಟರೋ ತಿಳಿಯದು. ವ್ಯಂಗ್ಯವಂತೂ ಮೊದಲೇ ಹೊಳೆಯದು. ಗಲಿಬಿಲಿಯಾದಾಗ ವೆಲ್ಡಿಂಗ್ ಮಾಡುವವರ ಮುಖವಾಡವನ್ನು ಮೋರೆಯ ಮೇಲೆ ಎಳೆದುಕೊಂಡುಬಿಡುತ್ತಾಳೆ.

ಇಂಥವಳು ಖಳರ ಪಡೆ ಸೇರಿದ್ದು ಹೇಗೆ? ಮೊದಲ ಭಾಗದಲ್ಲಿ ಆಕೆ ಒಳ್ಳೆಯವರ ಕಡೆಯವಳೇ. ಸೆರೆಸಿಕ್ಕ ಗೆಳೆಯರನ್ನು ಬಿಡಿಸಲು ಮಿಕ್ಕ ರಾಜಕುಮಾರಿಯರೊಡನೆ ಶತ್ರುವಿನ ಕೋಟೆಗೆ ಹೋಗುತ್ತಾಳೆ. ಅಲ್ಲಿ ಬೆಂಕಿಗೆ ಸಿಕ್ಕಿ ಸತ್ತಳೆಂದು ಭಾವಿಸಿ ಜೊತೆಯವರು ಹಿಂತಿರುಗಿಬಿಡುತ್ತಾರೆ. ಬದುಕುಳಿದ ಅವಳನ್ನು ಶತ್ರುಪಡೆಯ ಕ್ಯಾಟ್ರಾ ಕಂಡು, ನಿನ್ನವರು ನಿನ್ನನ್ನು ಬಿಟ್ಟುಹೋದರು ಎನ್ನುತ್ತಾಳೆ. ಎಂಟ್ರಾಪ್ಟಾ ಆ ಮಾತನ್ನು ಇದ್ದದ್ದು ಇದ್ದಂತೆ ನಂಬುತ್ತಾಳೆ. ಹೋರ್ಡ್ ಪಡೆಯವರು ಅವಳಿಗೆ ಪ್ರಯೋಗಶಾಲೆ ಕೊಟ್ಟರು, ಅವಳ ಮಾತಿಗೆ ಕಿವಿಗೊಟ್ಟರು. ಹಣವಲ್ಲ, ದ್ವೇಷವಲ್ಲ, ಸಿಂಹಾಸನದ ಆಸೆಯಂತೂ ಅಲ್ಲ; ಇಷ್ಟಕ್ಕೇ ಅವಳು ಅವರಿಗೆ ಯುದ್ಧಯಂತ್ರಗಳನ್ನು ಮಾಡಿಕೊಟ್ಟಳು.

ಆಟಿಸಂ ಇರುವ ಅನೇಕ ವೀಕ್ಷಕರು ಇವಳನ್ನು ನೋಡಿದೊಡನೆ ಇವಳು ನಮ್ಮವಳು ಎಂದರು. ಆ ಊಹೆ ಹುಸಿಯಾಗಲಿಲ್ಲ. ಪಾತ್ರವನ್ನು ಹಾಗೆಯೇ ಕಲ್ಪಿಸಲಾಗಿತ್ತೆಂದು ಸ್ಟೀವನ್‌ಸನ್ ಅವರೂ ಹೇಳಿದರು. ಆಟಿಸಂ ಇದ್ದ ಚಿತ್ರಕಲಾವಿದರೊಬ್ಬರು ಅವರ ತಂಡದಲ್ಲಿದ್ದು ಈ ಪಾತ್ರವನ್ನು ತಿದ್ದಿ ತೀಡಲು ನೆರವಾಗಿದ್ದರು.

ಪುಣೆಯಲ್ಲಿರುವ ನನ್ನ ತಂಗಿಯ ಮಗ ಈ ಸರಣಿಯನ್ನು ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಅವನಿಗೂ ಆಟಿಸಂ ಇದೆ. ಅವನ ಶಾಲೆಯ ಡೈರಿಯಲ್ಲಿ ಒಂದು ವರ್ಷ ಪೂರ್ತಿ ಒಂದೇ ಒಕ್ಕಣೆ ಇತ್ತು: ಹುಡುಗ ಬುದ್ಧಿವಂತ, ಆದರೆ ಬೇಕೆಂದೇ ಮಾಡುತ್ತಾನೆ. ಖಳರ ಗುಂಪಿನವಳು ನಿನಗೇಕೋ ಇಷ್ಟು ಇಷ್ಟ ಎಂದು ಒಮ್ಮೆ ಕೇಳಿದೆ. "ಮಾಮಾ, ಅವಳು ಕೆಟ್ಟವಳಲ್ಲ. ಅವಳನ್ನ ಬಿಟ್ಟು ಬಂದ್ರು" ಎಂದು ಹೇಳಿ, ಮತ್ತೆ ಪರದೆಯತ್ತ ತಿರುಗಿದ.

ಖಳಪಾತ್ರಕ್ಕೆ ಇಂಥ ಹೆಸರನ್ನು ಹಚ್ಚುವುದು ಆ ಮಕ್ಕಳಿಗೇ ಅವಮಾನವಲ್ಲವೇ ಎಂದು ಹಿರಿಯ ಮಿತ್ರರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಈ ಮಕ್ಕಳ ಮೇಲೆ ಖಳತನವನ್ನು ಮೊದಲು ಹೊರಿಸಿದ್ದು ಕಾರ್ಟೂನುಗಳಲ್ಲ, ವೈದ್ಯರ ಕಡತಗಳು ಎಂಬುದನ್ನು ನೋಡಿದರೆ ಪ್ರಶ್ನೆಯ ಮುಖವೇ ಬದಲಾಗುತ್ತದೆ.

ಆಟಿಸಂ ಎಂಬ ಪದವನ್ನು ಟಂಕಿಸಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್. 'ತಾನು' ಎಂಬರ್ಥದ ಗ್ರೀಕ್ ಮೂಲದಿಂದ ಅದನ್ನು ಕಟ್ಟಿ, 1911ರ ತನ್ನ ಗ್ರಂಥದಲ್ಲಿ ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ ಬಳಸಿದ. ಕನ್ನಡದ ಸರ್ಕಾರಿ ಕಾಗದಪತ್ರಗಳಲ್ಲಿ ಕಾಣುವ 'ಸ್ವಲೀನತೆ' ಅದರ ಛಾಯೆಯೇ. ಮಕ್ಕಳಲ್ಲಿ ಈ ಸ್ವಭಾವವನ್ನು ಕೂಲಂಕಷವಾಗಿ ಬಣ್ಣಿಸಿದವರಲ್ಲಿ ಮೊದಲಿಗರು ಮಾಸ್ಕೋದ ಗ್ರೂನ್ಯ ಸುಖರೇವಾ ಎಂಬ ವೈದ್ಯೆ. 1925ರಲ್ಲಿ ಆರು ಹುಡುಗರ ವಿಷಯ ಬರೆದರು, ಅನಂತರ ಹೆಣ್ಣುಮಕ್ಕಳ ಬಗೆಗೂ ಬರೆದರು. ಪಶ್ಚಿಮದವರು ಆ ಬರಹವನ್ನು ಬಹುಕಾಲ ಕಣ್ಣೆತ್ತಿಯೂ ನೋಡಲಿಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರನ ಪ್ರಬಂಧ ಹೊರಬಂತು.

ನಮ್ಮ ವಿಷಯಕ್ಕೆ ಮುಖ್ಯವಾದುದು ಆಸ್ಪರ್ಗರನ ಪ್ರಬಂಧವೇ. ಅದರಲ್ಲಿ ವಿವರವಾಗಿ ಬರುವವರು ನಾಲ್ವರು ಹುಡುಗರು. ಮೊದಲನೆಯವನನ್ನು ಶಿಶುವಿಹಾರಕ್ಕೆ ಸೇರಿಸಿದ ಕೆಲವೇ ದಿನಗಳಲ್ಲಿ ಹೊರಗೆ ಹಾಕಿದ್ದರು. ಅದೇ ಹುಡುಗ ಲೆಕ್ಕದಲ್ಲಿ ದೊಡ್ಡವರನ್ನೂ ಬೆರಗುಗೊಳಿಸುವಂಥವನು. ಇಂಥ ಮಕ್ಕಳ ಜಾಣತನವನ್ನು ಆಸ್ಪರ್ಗರ್ ಮೆಚ್ಚಿ ಬರೆದ ಎಂಬುದು ನಿಜ. ಆದರೆ ಅದೇ ಪ್ರಬಂಧದಲ್ಲಿ, ಎದುರಿನವರಿಗೆ ಯಾವುದು ಹೆಚ್ಚು ನೋಯುವುದೆಂದು ಕಂಡುಕೊಂಡು ಅದನ್ನೇ ಮಾಡುವುದು ಇವರ ಒಂದು ಲಕ್ಷಣವೆಂದೂ ಹೇಳಿ, ಅದಕ್ಕೆ ಆಟಿಸಂನ ಕೇಡಿಗತನ ಎಂಬರ್ಥದ ಹೆಸರನ್ನೇ ಕೊಟ್ಟ. ಒಂದೆಡೆ ಅವರಿಗೆ ಪರರ ಭಾವ ತಿಳಿಯದು, ಇನ್ನೊಂದೆಡೆ ಪರರ ಮರ್ಮ ಚೆನ್ನಾಗಿ ತಿಳಿದು ಚುಚ್ಚುತ್ತಾರೆ! ಎರಡೂ ಒಟ್ಟಿಗೆ ಹೇಗೆ ಸಾಧ್ಯವೆಂದು ಪರೀಕ್ಷಕರು ಕೇಳಿದರೋ ಇಲ್ಲವೋ. ನನಗಂತೂ ಪುಣೆಯ ಶಾಲಾ ಡೈರಿ ಜ್ಞಾಪಕಕ್ಕೆ ಬಂತು. ಇದರ ಪೂರ್ಣ ರೂಪವನ್ನು ಹುಡುಗಿಯರಲ್ಲಿ ತಾನು ಕಂಡಿಲ್ಲವೆಂದೂ ಆತ ಬರೆದಿದ್ದಾನೆ.

ಆ ಕಾಲವಾದರೂ ಎಂಥದು? 1938ರ ಮಾರ್ಚಿಯಲ್ಲಿ ಆಸ್ಟ್ರಿಯ ಹಿಟ್ಲರನ ವಶವಾಗಿತ್ತು. 1940ರಲ್ಲಿ ವಿಯೆನ್ನಾದಲ್ಲಿ ಸ್ಪೀಗಲ್‌ಗ್ರುಂಡ್ ಎಂಬ ಮಕ್ಕಳ ಸಂಸ್ಥೆ ತೆರೆಯಿತು. ಕುಂದಿರುವ ಮಕ್ಕಳು ಸಮಾಜಕ್ಕೆ ಹೊರೆ ಎಂಬುದು ಅಂದಿನ ರಾಜನೀತಿ. ಯುದ್ಧ ಮುಗಿಯುವಷ್ಟರಲ್ಲಿ ಅಲ್ಲಿ ಸುಮಾರು 800 ಮಕ್ಕಳು ಸತ್ತರು, ಬಹಳಷ್ಟು ಮಂದಿಯನ್ನು ಔಷಧ ಕೊಟ್ಟು, ಉಪವಾಸ ಕೆಡವಿ ಕೊಂದದ್ದು. ಆಸ್ಪರ್ಗರ್ ಈ ಮಕ್ಕಳನ್ನು ಕಾಪಾಡಿದ ಪುಣ್ಯಾತ್ಮನೆಂದೇ ಬಹುಕಾಲ ಪ್ರತೀತಿ ಇತ್ತು. ಆತ ನಾಜಿ ಪಕ್ಷದ ಸದಸ್ಯನೂ ಆಗಿರಲಿಲ್ಲ. ಆದರೆ ಹೆರ್ವಿಗ್ ಚೆಕ್ ಎಂಬ ವಿಯೆನ್ನಾದ ಇತಿಹಾಸಕಾರರು ಹಳೆಯ ಕಡತಗಳನ್ನು ಒಂದೊಂದಾಗಿ ತಿರುವಿಹಾಕಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಪ್ರಬಂಧ ಆ ಪ್ರತೀತಿಯನ್ನು ಅಳಿಸಿತು. ಇನ್ನೂ ಮೂರು ವರ್ಷ ತುಂಬದ ಹೆಣ್ಣುಮಗುವೊಂದನ್ನು, ಇದು ತಾಯಿಗೆ ಸಹಿಸಲಾಗದ ಹೊರೆ ಎಂಬ ಅಭಿಪ್ರಾಯ ಬರೆದು ಸ್ಪೀಗಲ್‌ಗ್ರುಂಡಿಗೆ ಕಳುಹಿಸುವಂತೆ ಶಿಫಾರಸು ಮಾಡಿದ ಕಾಗದದ ಕೆಳಗೆ ಇದ್ದದ್ದು ಆಸ್ಪರ್ಗರನದೇ ರುಜು. ಆ ಮಗುವಿಗಿದ್ದದ್ದು ಆಟಿಸಂ ಅಲ್ಲ, ಮಿದುಳಿನ ಜಾಡ್ಯದ ಪರಿಣಾಮ. 1941ರ ಸೆಪ್ಟೆಂಬರಿನಲ್ಲಿ ಅದು ಅಲ್ಲಿಯೇ ತೀರಿಕೊಂಡಿತು. ಇಪ್ಪತ್ತು ವರ್ಷಗಳಿಂದ ಕಚೇರಿಯಲ್ಲಿ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸುತ್ತಿರುವ ನನ್ನಂಥವನಿಗೆ, ಎರಡು ಸಾಲಿನ ಶಿಫಾರಸು ಏನು ಮಾಡಬಲ್ಲದೆಂಬುದನ್ನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧಾನಂತರ ಮಗುವಿನ ಮೇಲಿನ ಆರೋಪ ತುಸು ಸಡಿಲವಾಯಿತು. ಆದರೆ ಖಳರ ಪೀಠ ಖಾಲಿ ಬೀಳಬಾರದಲ್ಲ. ಅಲ್ಲಿ ತಾಯಿಯನ್ನು ಕೂರಿಸಿದರು. ಅಕ್ಕರೆಯಿಲ್ಲದ ತಾಯ್ತಂದೆಯರಿಂದಲೇ ಹೀಗಾಗುತ್ತದೆಂಬ ವಾದ ಹಬ್ಬಿತು. ಷಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ಇದನ್ನೇ ಸಾರಿದ. ವಿಪರ್ಯಾಸವೆಂದರೆ ಆತ ಸ್ವತಃ ನಾಜಿ ಶಿಬಿರಗಳಲ್ಲಿ ಸೆರೆಯಾಗಿದ್ದವನು. ಇದನ್ನು ಅಲ್ಲಗಳೆಯಲು ಹೆತ್ತವರೇ ಮುಂದೆ ಬರಬೇಕಾಯಿತು. ಅಮೆರಿಕದ ಬರ್ನಾರ್ಡ್ ರಿಮ್ಲಂಡ್ ತಂದೆಯೂ ಹೌದು, ಮನಶ್ಶಾಸ್ತ್ರಜ್ಞನೂ ಹೌದು. ಆಟಿಸಂ ಹುಟ್ಟಿನಿಂದಲೇ ಬಂದ ಮಿದುಳಿನ ವಿಷಯವೆಂದು 1964ರಲ್ಲಿಯೇ ವಾದಿಸಿದ್ದ. ಲಂಡನ್ನಿನ ಲಾರ್ನಾ ವಿಂಗ್ ತಾಯಿ ಮತ್ತು ವೈದ್ಯೆ. ಆಸ್ಪರ್ಗರನ ಹೆಸರನ್ನು 1981ರಲ್ಲಿ ಮತ್ತೆ ಬೆಳಕಿಗೆ ತಂದವರೂ, ಇದನ್ನು ಒಂದು ಬಿಗಿ ಪೆಟ್ಟಿಗೆಯಲ್ಲ, ವರ್ಣಪಟಲ ಎಂದು ಕಾಣಬೇಕೆಂದವರೂ ಅವರೇ. ಬಿ.ಎಸ್ಸಿ. ಓದುವಾಗ ಪ್ರಿಸಂ ಹಿಡಿದು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು: ಹಸಿರು ಎಲ್ಲಿ ಮುಗಿದು ನೀಲಿ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯಲಾಗದು.

ಮಧ್ಯೆ 1988ರಲ್ಲಿ ಬಂದ 'ರೇನ್ ಮ್ಯಾನ್' ಚಿತ್ರ ಈ ಪದವನ್ನು ಮನೆಮಾತಾಗಿಸಿತು, ಆಟಿಸಂ ಇದ್ದವರೆಲ್ಲ ಲೆಕ್ಕದ ಪವಾಡಪುರುಷರೆಂಬ ಹೊಸ ಭ್ರಮೆಯನ್ನೂ ಹುಟ್ಟಿಸಿತು. ನಮ್ಮಲ್ಲಿ 1991ರಲ್ಲಿ ದೆಹಲಿಯ ಮೆರ್ರಿ ಬರುವಾ, ಅವರೂ ತಾಯಿಯೇ, 'ಆ್ಯಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಆರಂಭಿಸಿದರು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು. 2016ರ ಕಾಯಿದೆಯ 21 ವಿಕಲತೆಗಳಲ್ಲಿ ಸೇರಿ, ಸರ್ಕಾರಿ ನೌಕರಿಯ ಮೀಸಲಾತಿಯಲ್ಲಿಯೂ ಪಾಲು ದೊರೆಯಿತು.

ಈ ಚರಿತ್ರೆಯಲ್ಲಿ ಬಹುಕಾಲ ಬಾಯಿ ತೆರೆಯದಿದ್ದವರು ಆಟಿಸಂ ಇದ್ದವರೇ. 1993ರಲ್ಲಿ ಅಮೆರಿಕದ ಜಿಮ್ ಸಿಂಕ್ಲೇರ್, ನಮಗಾಗಿ ಶೋಕಿಸಬೇಡಿ ಎಂದು ಹೆತ್ತವರಿಗೆ ಬರೆದದ್ದು ಒಂದು ತಿರುವು. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಉಳ್ಳ ಸಮಾಜಶಾಸ್ತ್ರಜ್ಞ, ಇನ್ನೊಂದು ಹೆಜ್ಜೆ ಮುಂದೆ ಹೋದರು: ಇವರಿಗೆ ಪರರು ಅರ್ಥವಾಗರು ಎನ್ನುವಿರಲ್ಲ, ಪರರಿಗೆ ಇವರು ಅರ್ಥವಾಗಿದ್ದಾರೆಯೇ? ತೊಡಕು ಎರಡೂ ಕಡೆಯದು. ಎಂಟ್ರಾಪ್ಟಾಳ ಕತೆಯನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಅವಳಿಗೆ ರಾಜಕುಮಾರಿಯರ ಮನಸ್ಸು ತಿಳಿಯಲಿಲ್ಲ, ಸರಿ. ಅವಳು ಯಾಕೆ ಯಂತ್ರವನ್ನೇ ಹಿಡಿದು ಕೂತಳೆಂದು ಅವರಿಗೂ ತಿಳಿಯಲಿಲ್ಲ. ಐದನೆಯ ಭಾಗದಲ್ಲಿ ಅವರು ರೇಗಿದಾಗ ಅವಳು ಬಾಯಿಬಿಟ್ಟು ಹೇಳುತ್ತಾಳೆ: ಜನರೊಡನೆ ಬೆರೆಯಲು ತನಗೆ ಬಾರದು, ಯಂತ್ರ ಬರುತ್ತದೆ, ಅದರಿಂದಲಾದರೂ ಉಪಕಾರ ಮಾಡಿದರೆ ತಾನು ಇಷ್ಟವಾದೇನೆಂದು ಬಗೆದಿದ್ದೆ, ಎಂದು. ಖಳರನ್ನು ಮರಳಿ ಓದುವುದು ಕನ್ನಡದವರಿಗೆ ಹೊಸದಲ್ಲ; ರನ್ನನ ದುರ್ಯೋಧನನಿಗೂ ನಾಗಚಂದ್ರನ ರಾವಣನಿಗೂ ಮರುಗಿದವರು ನಾವು.

ಹಾಗೆಂದು ಅವಳು ಮಾಡಿದ್ದೆಲ್ಲ ಸರಿಯೆಂದು ನಾನು ಒಪ್ಪಲಾರೆ. ಅವಳ ಯಂತ್ರಗಳಿಂದ ಜನ ನೊಂದರು. ಸರಣಿ ಈ ಲೆಕ್ಕವನ್ನು ಸ್ವಲ್ಪ ಬೇಗನೆ ಚುಕ್ತಾ ಮಾಡಿತೆಂದೇ ನನ್ನ ಭಾವನೆ. ಆದರೆ ಆ ಅಪರಾಧವನ್ನು ಆಟಿಸಂನ ಖಾತೆಗೆ ಬರೆಯುವುದು ಸಲ್ಲದು. ವೆರ್ನರ್ ಫಾನ್ ಬ್ರೌನನ ವಿ-2 ರಾಕೆಟ್ಟುಗಳನ್ನು ಜೋಡಿಸಿದವರು ಡೋರಾ ಶಿಬಿರದ ಸೆರೆಯಾಳುಗಳು, ಸಾವಿರಾರು ಜನ ಅಲ್ಲಿ ಸತ್ತರು. ಅನಂತರ ಅದೇ ಬ್ರೌನ್ ಅಮೆರಿಕದಲ್ಲಿ ಚಂದ್ರಯಾನದ ರಾಕೆಟ್ ಮಾಡಿ ಕೀರ್ತಿವಂತನಾದ. ಬಂಡವಾಳ ಕೊಟ್ಟವನಿಗೆ ಯಂತ್ರ ಮಾಡಿಕೊಟ್ಟು, ಅದು ಎಲ್ಲಿ ಬೀಳುತ್ತದೆಂದು ಕೇಳದಿರುವುದಕ್ಕೆ ವೈದ್ಯರ ಪ್ರಮಾಣಪತ್ರ ಬೇಕಾಗಿಲ್ಲ. ಎಂಟ್ರಾಪ್ಟಾಳಾದರೋ, ತನ್ನ ಯಂತ್ರದಿಂದ ಲೋಕವೇ ಕುಸಿದೀತೆಂದು ಲೆಕ್ಕದಿಂದ ತಿಳಿದ ಕೂಡಲೇ ನಿಲ್ಲಿಸಿ ಎಂದವಳು. ಅದಕ್ಕಾಗಿಯೇ ಕ್ಯಾಟ್ರಾ ಅವಳನ್ನು ಮೃಗಗಳ ದ್ವೀಪಕ್ಕೆ ಅಟ್ಟಿದ್ದು.

ಇನ್ನೊಂದು ಪಾತ್ರದ ವಿಷಯ ಹೇಳದಿದ್ದರೆ ಕತೆ ಪೂರ್ತಿಯಾಗದು. ಹೋರ್ಡಾಕ್ ಎಂಬವನು ಎಂಟ್ರಾಪ್ಟಾ ಸೇರಿದ ಪಡೆಯ ನಾಯಕ. ಅವನು ಹೋರ್ಡ್ ಪ್ರೈಂ ಎಂಬ ಮಹಾಪ್ರಭುವಿನ ಅಸಂಖ್ಯ ಪ್ರತಿರೂಪಗಳಲ್ಲಿ ಒಬ್ಬ. ಮೈಯಲ್ಲಿ ಊನ ಕಂಡುಬಂದದ್ದರಿಂದ, ಸಾಯಲೆಂದು ಯುದ್ಧದ ಮುಂಚೂಣಿಗೆ ದೂಡಲ್ಪಟ್ಟವನು. ವಿಯೆನ್ನಾದ ಚರಿತ್ರೆ ಓದಿದವರಿಗೆ ಈ ಭಾಷೆ ಪರಿಚಿತ. ಅವನ ಸೊರಗಿದ ಮೈಯನ್ನು ಕಂಡ ಎಂಟ್ರಾಪ್ಟಾ ಅಸಹ್ಯವನ್ನೂ ಪಡುವುದಿಲ್ಲ, ಕನಿಕರವನ್ನೂ ತೋರುವುದಿಲ್ಲ. ಕುಂದಿನಲ್ಲಿಯೇ ಚಂದ ಎಂದು ಹೇಳಿ, ಅಳತೆ ತೆಗೆದು, ಅವನು ನೆಟ್ಟಗೆ ನಿಲ್ಲುವಂತೆ ಒಂದು ಕವಚ ಮಾಡಿ, ಅದರಲ್ಲಿ ಹರಳೊಂದನ್ನು ಕೂರಿಸಿಕೊಡುತ್ತಾಳೆ. ಮುಂದೆ ಹೋರ್ಡ್ ಪ್ರೈಂ ಬಂದು ಹೋರ್ಡಾಕನ ನೆನಪನ್ನೆಲ್ಲ ಅಳಿಸಿಹಾಕುತ್ತಾನೆ. ಆ ಹರಳನ್ನು ಕಂಡು ಅವನಿಗೆ ಸ್ವಲ್ಪ ಸ್ವಲ್ಪವಾಗಿ ನೆನಪು ಮರಳುತ್ತದೆ. ಕೊನೆಯ ಕಂತಿನಲ್ಲಿ ಅವನು ತಾನೇ ಇಟ್ಟುಕೊಂಡ ಹೆಸರನ್ನು ಗಟ್ಟಿಯಾಗಿ ಹೇಳಿ, ಒಡೆಯನಿಗೆ ತಿರುಗಿಬಿದ್ದು, ಎಂಟ್ರಾಪ್ಟಾಳ ಪಕ್ಕಕ್ಕೆ ನಿಲ್ಲುತ್ತಾನೆ.