ಪೈಲಟ್ ಎಲ್ಲಿ ಕೂರಬೇಕು? – ಸಿಂಪರಣಾ ವಿಮಾನದ ಕಥೆ

ಬೆಳೆಗೆ ತಾಗುವಷ್ಟು ಕೆಳಗೆ ಹಾರುತ್ತ ಕೀಟನಾಶಕ ಚೆಲ್ಲುವ ವಿಮಾನದ ಚಿತ್ರವನ್ನು ನೀವು ನೋಡಿರಬಹುದು. ಅದರಲ್ಲಿ ಪೈಲಟ್‌ನ ಆಸನ ಎತ್ತರದಲ್ಲಿ, ಹಿಂದಕ್ಕೆ ಸರಿದಿರುವುದನ್ನು ಗಮನಿಸಿದ್ದೀರಾ? ಆ ಜಾಗ ನಿಶ್ಚಯವಾಗಲು ಸುಮಾರು ಮೂರು ದಶಕಗಳು ಬೇಕಾದವು.

1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಬಳಿ, ಕಟಾಲ್ಪಾ ಮರಗಳನ್ನು ತಿನ್ನುತ್ತಿದ್ದ ಹುಳುಗಳ ಮೇಲೆ ಜಾನ್ ಮೆಕ್‌ರೆಡಿ ಸೈನ್ಯದ ವಿಮಾನದಿಂದ ಸೀಸದ ಆರ್ಸೆನೇಟ್ ಪುಡಿ ಉದುರಿಸಿದರು. ಪುಡಿಯ ಪೆಟ್ಟಿಗೆಯನ್ನು ರೂಪಿಸಿದವರು ಎಟಿಯೆನ್ ಡಾರ್ಮಾಯ್. ಎರಡನೆಯ ಮಹಾಯುದ್ಧದ ನಂತರ ಮಿಕ್ಕ ಸ್ಟೀರ್‌ಮನ್ ತರಬೇತಿ ವಿಮಾನಗಳು ಅಗ್ಗವಾಗಿ ದೊರೆತು, ಈ ಕೆಲಸಕ್ಕೆ ಬಂದವು. ಆದರೆ ಅವುಗಳನ್ನು ಇದಕ್ಕಾಗಿ ಕಟ್ಟಿರಲಿಲ್ಲ. ಉದ್ದ ಮೂತಿ ಎದುರಿನ ತಂತಿ, ಮರಗಳನ್ನು ಮರೆಮಾಡುತ್ತಿತ್ತು. ಹೊಲದಂಚಿನ ತಿರುವಿನಲ್ಲಿ ವಿಮಾನ ಎತ್ತುವ ಬಲ ಕಳೆದುಕೊಂಡರೆ, ಸಾವರಿಸಿಕೊಳ್ಳಲು ಎತ್ತರವೇ ಇರುತ್ತಿರಲಿಲ್ಲ. ಅನೇಕ ಪೈಲಟ್‌ಗಳು ಸತ್ತರು.

ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನಲ್ಲಿ ಫ್ರೆಡ್ ವೀಕ್ ಅಪಘಾತ ಆಗಿಯೇ ಆಗುತ್ತದೆಂದು ಭಾವಿಸಿ ವಿನ್ಯಾಸ ಆರಂಭಿಸಿದರು. 1950ರ ಡಿಸೆಂಬರ್‌ನಲ್ಲಿ ಅವರ ಎಜಿ-1 ಹಾರಿತು. ಅದರಲ್ಲಿ ಎಂಜಿನ್, ಔಷಧಿಯ ತೊಟ್ಟಿ ಮುಂದೆ. ಪೈಲಟ್ ಅವುಗಳ ಹಿಂದೆ, ಎತ್ತರದಲ್ಲಿ. ಮೂತಿ ಕೆಳಕ್ಕೆ ಇಳಿಜಾರಾಗಿದ್ದರಿಂದ ನೋಟ ನಿಚ್ಚಳ. ತೊಟ್ಟಿ ಗುರುತ್ವಕೇಂದ್ರದ ಸಮೀಪವಿದ್ದರೆ ಅದು ಖಾಲಿಯಾದಂತೆಲ್ಲ ವಿಮಾನದ ಸಮತೋಲ ಹೆಚ್ಚು ಕೆಡುವುದಿಲ್ಲ.

ಮುಂಭಾಗ ನಜ್ಜುಗುಜ್ಜಾಗುವುದರಿಂದ ಏನು ಲಾಭ? ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 30 ಮೀಟರ್ ವೇಗದ ವಿಮಾನ ಅರ್ಧ ಮೀಟರ್‌ನಲ್ಲಿ ನಿಂತರೆ, v²/2s ಸೂತ್ರದಂತೆ ಪೈಲಟ್ ಅನುಭವಿಸುವ ಸರಾಸರಿ ವೇಗಾಪಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 92 ಪಟ್ಟು. ಮೂತಿ ಕುಸಿಯುತ್ತ 3 ಮೀಟರ್ ದೂರ ಒದಗಿಸಿದರೆ ಸುಮಾರು 15 ಪಟ್ಟು ಮಾತ್ರ! ಭುಜಪಟ್ಟಿ ಬಿಗಿದುಕೊಂಡವನು ಬದುಕಬಲ್ಲ.

ವೀಕ್ ಮುಂದೆ ಪೈಪರ್ ಕಂಪನಿಯ ಪಾನೀ ವಿಮಾನವನ್ನೂ ರೂಪಿಸಿದರು. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕೃಷಿಗೆಂದೇ 'ಬಸಂತ್' ವಿಮಾನವನ್ನು ನಿರ್ಮಿಸಿತು. ಅದರ ಸುಧಾರಿತ ಮಾದರಿ 1972ರಲ್ಲಿ 400 ಅಶ್ವಶಕ್ತಿಯ ಎಂಜಿನ್‌ನೊಡನೆ ಹಾರಿತು.

ಜಪಾನಿನ ಯಮಾಹಾ 1987ರಲ್ಲಿ ಆರ್-50 ಎಂಬ ಚಾಲಕರಹಿತ ಹೆಲಿಕಾಪ್ಟರನ್ನು ಹೊಲಗಳಿಗೆ ಇಳಿಸಿತು. ಇಂದು ಡ್ರೋನ್‌ಗಳೂ ಸಿಂಪಡಿಸುತ್ತಿವೆ. ಪೈಲಟ್‌ನ ಆಸನ ಹಿಂದೆ ಸರಿದು, ಮೇಲೇರಿ, ಕೊನೆಗೆ ನೆಲಕ್ಕೇ ಬಂದಿದೆ. ಆದರೆ ಗಾಳಿಗೆ ತೇಲಿ ಪಕ್ಕದ ಹೊಲ, ಕೆರೆ, ಮನೆಗಳತ್ತ ಸಾಗುವ ಸಣ್ಣ ಹನಿಗಳ ಸಮಸ್ಯೆ ಉಳಿದಿದೆ. ಹಾರಿಸುವವನನ್ನು ಕಾಪಾಡಿದ ವಿನ್ಯಾಸ, ಕೆಳಗಿರುವವರನ್ನೂ ಕಾಪಾಡಬೇಕಲ್ಲವೆ?