ಮೈಸೂರಿನ ಜಾವಾ ಯಂತ್ರವೂ ಮನೆಯಂಗಳದ ದುರಸ್ತಿಯೂ

ಮೈಸೂರಿನ ಯಾದವಗಿರಿಯಲ್ಲಿ ಮೋಟಾರು ಸೈಕಲ್ಲುಗಳ ಕಾರ್ಖಾನೆಯೊಂದಿದ್ದಿತೆಂಬುದು ವಾಚಕರಲ್ಲಿ ಹಿರಿಯರಾದವರಿಗೆ ತಿಳಿದ ವಿಷಯವೇ ಸರಿ. ಅರಸರ ವಂಶಾವಳಿಯನ್ನೂ ಶಿಲಾಶಾಸನಗಳನ್ನೂ ಮಾತ್ರವೇ ಚರಿತ್ರೆಯೆಂದೆಣಿಸುವವರು ಇದನ್ನು ಅಲ್ಪವಿಷಯವೆಂದಾರು. ಆದರೂ ಆ ಕಾರ್ಖಾನೆಯಿಂದ ಹೊರಟ ಯಂತ್ರವು ಲೇಖನಿ ಹಿಡಿಯುವುದನ್ನಲ್ಲದೆ ಬೇರೊಂದನ್ನರಿಯದ ಎಷ್ಟೋ ಗೃಹಸ್ಥರ ಕೈಗೆ ಸ್ಪ್ಯಾನರನ್ನು ಕೊಟ್ಟಿತಾದುದರಿಂದ, ಅದರ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಬರೆದಿಡುವುದು ಉಚಿತವೆಂದು ತೋರುತ್ತದೆ.

ಜಾವಾ ಎಂಬುದು ನಮ್ಮ ಪುರಾಣೇತಿಹಾಸಗಳ ಯವದ್ವೀಪವಲ್ಲ. ಚೆಕೊಸ್ಲೊವಾಕಿಯಾ ದೇಶದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯಿಂದ ಮೋಟಾರು ಸೈಕಲ್ಲಿನ ನಿರ್ಮಾಣಾಧಿಕಾರವನ್ನು ಕೊಂಡು, ತನ್ನ ಹೆಸರಿನ ಮೊದಲೆರಡಕ್ಷರಗಳನ್ನೂ ಅದರ ಹೆಸರಿನ ಮೊದಲೆರಡಕ್ಷರಗಳನ್ನೂ ಕೂಡಿಸಿ ಇಟ್ಟ ಹೆಸರದು. ಫರೋಖ್ ಇರಾನಿ ಮತ್ತು ರುಸ್ತುಂ ಇರಾನಿಯವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹವೂ ಅದಕ್ಕೆ ದೊರೆಯಿತು. 1973ರಿಂದ ಆ ವಾಹನವು ಯೆಜ್ಡಿಯೆಂಬ ನಾಮಾಂತರವನ್ನು ಪಡೆಯಿತು.

ಮನೆಯಲ್ಲಿಯೇ ಬಿಚ್ಚಿ ಜೋಡಿಸುವ ವಾಡಿಕೆ ಹುಟ್ಟುವುದಕ್ಕೆ ಯಂತ್ರದ ರಚನೆಯೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಹಣದ ಉಳಿತಾಯವು ಅನಂತರದ್ದು. ಅದು ಎರಡು ಹೊಡೆತದ ಯಂತ್ರ. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಎಂದರೆ ಗಾತ್ರವು ಸುಮಾರು 249 ಘನ ಸೆಂಟಿಮೀಟರು. ನಾಲ್ಕು ಹೊಡೆತದ ಯಂತ್ರಗಳಲ್ಲಿರುವ ಕವಾಟಗಳೂ ಅವುಗಳನ್ನು ಎತ್ತಿಳಿಸುವ ಉಪಕರಣಗಳೂ ಇದಕ್ಕಿಲ್ಲ. ಪಿಸ್ಟನ್ನು ತಾನೇ ಮೇಲೆ ಕೆಳಗೆ ಸರಿಯುತ್ತ ಸಿಲಿಂಡರಿನ ಗೋಡೆಯ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಕೂಡಿಸಬೇಕಾದ ಭಾಗಗಳು ಕಡಮೆಯಾದಾಗ ಬಿಚ್ಚುವವನ ಭಯವೂ ಕಡಮೆಯಾಗುವುದು ಸಹಜವಲ್ಲವೆ?

ಆದರೆ ಅದೇ ರಚನೆಯಲ್ಲಿ ಅದರ ವ್ಯಾಧಿಯೂ ಇದ್ದಿತು. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರಸಿ ಉರಿಸುವುದರಿಂದ ಪಿಸ್ಟನ್ನಿನ ನೆತ್ತಿಯಲ್ಲಿಯೂ ಹೊಗೆಯ ರಂಧ್ರದಲ್ಲಿಯೂ ಮಸಿಯು ಗಟ್ಟಿಯಾಗಿ ಕೂತುಬಿಡುವುದು. ಹೊಗೆಗೆ ದಾರಿ ಕಿರಿದಾದೊಡನೆ ಯಂತ್ರವು ಏರಿನಲ್ಲಿ ಏದುಸಿರು ಬಿಡುವುದು. ಆಗ ಭಾನುವಾರದ ಬೆಳಿಗ್ಗೆ ಅಂಗಳದಲ್ಲಿ ಹಳೆಯ ಗೋಣಿಯ ತಾಟು ಹಾಸಿ, ಸಿಲಿಂಡರಿನ ತಲೆಯನ್ನು ತೆಗೆದು, ಮಸಿಯನ್ನು ಕೆರೆಯತಕ್ಕದ್ದು. ಪಿಸ್ಟನ್ನು ಮೃದುವಾದ ಅಲ್ಯೂಮಿನಿಯಂ ಮಿಶ್ರಲೋಹದ್ದಾದುದರಿಂದ ಉಕ್ಕಿನ ಚೂರಿ ಕೂಡದು. ಬಿದಿರಿನ ಸೀಳೇ ಲೇಸು. ಸೈಲೆನ್ಸರಿನೊಳಗಣ ತಿರುಳನ್ನು ಹೊರಗೆಳೆದು ಒಲೆಯ ಕೆಂಡದ ಮೇಲಿಟ್ಟು ಸುಡುತ್ತಿದ್ದರು. ಅಡುಗೆಮನೆಯವರಿಗೆ ಇದು ಎಂದೂ ಒಪ್ಪಿಗೆಯಾದ ಸಂಗತಿಯಲ್ಲ. ಕಿಡಿಯ ಕಾಲವನ್ನು ನಿಯಮಿಸುವ ಪಾಯಿಂಟುಗಳ ನಡುವೆ ಸುಮಾರು 0.4 ಮಿಲಿಮೀಟರು ಅಂತರವಿರಬೇಕು. ಅಳತೆಪಟ್ಟಿಯಿಲ್ಲದವರು ಅಂಚೆಯ ಕಾರ್ಡನ್ನು ತೂರಿಸಿ ನೋಡುತ್ತಿದ್ದುದುಂಟು. ಅದನ್ನು ನಾವು ಶಿಫಾರಸು ಮಾಡಲಾರೆವು.

ಈ ವಿದ್ಯೆಗೆ ದಕ್ಷಿಣೆಯನ್ನು ನಾವೂ ತೆತ್ತಿದ್ದೇವೆ. ಪಿಸ್ಟನ್ನಿನ ಕಡ್ಡಿಯನ್ನು ಹಿಡಿದಿರುವ ಸಣ್ಣ ತಂತಿಯುಂಗುರವನ್ನು ತೆಗೆಯುವಾಗ ಕೆಳಗಿನ ಬಾಯಿಗೆ ಬಟ್ಟೆ ತುರುಕಬೇಕೆಂದು ನೆರೆಯ ಹಿರಿಯರು ಹೇಳಿದ್ದರು. ನಾವು ಮರೆತೆವು. ಉಂಗುರವು ಚಿಮ್ಮಿ ಯಂತ್ರದ ಗರ್ಭಕ್ಕೆ ಬಿದ್ದಿತು. ಅದನ್ನು ಹೊರತೆಗೆಯುವುದಕ್ಕೆ ಮೂರು ಸಂಜೆಗಳು ಬೇಕಾದುವು.

ಸರ್ವವೂ ಮನೆಯಲ್ಲಿಯೇ ಸಾಧ್ಯವಾಗಿತ್ತೆಂದು ಹೇಳುವುದು ಅತಿಶಯೋಕ್ತಿ. ಸವೆದ ಸಿಲಿಂಡರನ್ನು ಮತ್ತೆ ಕೊರೆಯಿಸುವುದಕ್ಕೂ, ಒತ್ತಿ ಕೂಡಿಸಿದ ಕ್ರ್ಯಾಂಕನ್ನು ಬಿಚ್ಚಿ ಬೇರಿಂಗು ಹಾಕಿಸುವುದಕ್ಕೂ ಯಂತ್ರಶಾಲೆಗೇ ಹೋಗಬೇಕಾಗಿತ್ತು. ಆದರೆ ತಾನೇ ಬಿಚ್ಚಿ ಸಿಲಿಂಡರನ್ನು ಮಾತ್ರ ಚೀಲದಲ್ಲಿಟ್ಟು ಒಯ್ದವನಿಗೂ, ರೋಗವೇನೆಂದರಿಯದೆ ವಾಹನವನ್ನು ತಳ್ಳಿಕೊಂಡು ಹೋದವನಿಗೂ ಅಲ್ಲಿ ದೊರೆಯುತ್ತಿದ್ದ ಮರ್ಯಾದೆ ಒಂದೇ ಆಗಿರಲಿಲ್ಲ.

1980ರ ದಶಕದಲ್ಲಿ ಜಪಾನೀಯರ ಸಹಯೋಗದ ಕಡಮೆ ಪೆಟ್ರೋಲು ಕುಡಿಯುವ ವಾಹನಗಳು ಬಂದುವು. ಹೊಗೆಯ ಮೇಲಣ ನಿಬಂಧನೆಗಳೂ ಬಿಗಿಯಾದುವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಆ ಮೇಲೆ ಬಿಡಿಭಾಗಗಳ ಮೂಲವೇ ಬತ್ತಿತಾಗಿ, ಅದುವರೆಗೆ ಹವ್ಯಾಸವಾಗಿದ್ದ ದುರಸ್ತಿಯು ಅನಿವಾರ್ಯವಾಯಿತು. ಹಾಳಾದ ಎರಡು ಯಂತ್ರಗಳಿಂದ ಒಂದನ್ನು ಬದುಕಿಸುವುದು, ಗುಜರಿಯ ಅಂಗಡಿಗಳಲ್ಲಿ ಗೇರಿನ ಹಲ್ಲುಗಳನ್ನು ಹುಡುಕುವುದು, ಒಬ್ಬರು ಕಂಡುಕೊಂಡ ಉಪಾಯವನ್ನು ಇನ್ನೊಬ್ಬರಿಗೆ ಹೇಳಿಕೊಡುವುದು, ಇವುಗಳಿಂದಲೇ ಹಳೆಯ ವಾಹನಗಳು ಉಳಿದಿವೆ. ಜುಲೈ ತಿಂಗಳ ಎರಡನೆಯ ಭಾನುವಾರ ಅವುಗಳ ಒಡೆಯರು ಊರೂರುಗಳಲ್ಲಿ ಕೂಡುತ್ತಾರೆ.

2018ರಲ್ಲಿ ಜಾವಾ ಎಂಬ ಹೆಸರು ನಮ್ಮ ದೇಶದಲ್ಲಿ ಮರಳಿ ಬಂದಿತು. ಆದರೆ ಕಾರ್ಖಾನೆಯು ಮಧ್ಯಪ್ರದೇಶದ ಪೀತಂಪುರದಲ್ಲಿ. ಯಂತ್ರವು ನಾಲ್ಕು ಹೊಡೆತದ್ದು, ನೀರಿನಿಂದ ತಣಿಯುವಂಥದು; ಇಂಧನವನ್ನು ಅಳೆದು ಕೊಡುವುದು ವಿದ್ಯುನ್ಮಾನದ ಕೆಲಸ. ಅದು ಒಳ್ಳೆಯ ಯಂತ್ರವಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಬೀದಿಯ ತರುಣನೊಬ್ಬನು ಅದನ್ನು ಕೊಂಡಿದ್ದಾನೆ. ಮೊನ್ನೆ ಅದು ನಿಂತುಹೋದಾಗ, ನಮ್ಮ ಹಳೆಯ ಸ್ಪ್ಯಾನರಿನ ಚೀಲವನ್ನು ಹಿಡಿದು ಹೋದೆವು. ಚೀಲವನ್ನು ಬಿಚ್ಚುವ ಸಂದರ್ಭವೇ ಬರಲಿಲ್ಲ.