ಎಕ್ಸ್(3872) ಎಷ್ಟು ಹುಟ್ಟೀತು? ಸಂವೇಗದ ಒಂದು ಮಿತಿಯ ಮೇಲೆ ನಿಂತ ಲೆಕ್ಕ

ಜಪಾನಿನ ಬೆಲ್ಲೆ ಪ್ರಯೋಗದಲ್ಲಿ 2003ರಲ್ಲಿ ಕಂಡುಬಂದ ಎಕ್ಸ್(3872) ಎಂಬ ಹ್ಯಾಡ್ರಾನ್ (ಕ್ವಾರ್ಕುಗಳಿಂದಾದ ಕಣ) ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಗಳ ಹಳೆಯ ಪಟ್ಟಿಗೆ ಒಗ್ಗಲಿಲ್ಲ. ಅದರ ದ್ರವ್ಯರಾಶಿ ಸುಮಾರು 3871.65 ಎಂಇವಿ. ವಿದ್ಯುದಂಶವಿಲ್ಲದ ಡಿ ಮತ್ತು ಡಿ-ಸ್ಟಾರ್ ಮೆಸಾನುಗಳ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. ನಡುವಿನ ಅಂತರ ಅಳತೆಯ ಅನಿಶ್ಚಿತತೆಯಲ್ಲೇ ಮುಚ್ಚಿಹೋಗುತ್ತದೆ. ಆದ್ದರಿಂದ ಇದು ಆ ಎರಡು ಮೆಸಾನುಗಳ ಸಡಿಲ ಅಣು ಎಂದು ಒಂದು ಪಕ್ಷ, ನಾಲ್ಕು ಕ್ವಾರ್ಕುಗಳು ಒತ್ತಾಗಿ ಕೂಡಿದ ಟೆಟ್ರಾಕ್ವಾರ್ಕ್ ಎಂದು ಇನ್ನೊಂದು ಪಕ್ಷ. ಬಂಧನಶಕ್ತಿ 0.1 ಎಂಇವಿ ಎಂದು ಹಿಡಿದರೆ ಅಣುವಿನ ಹರವು ಸುಮಾರು 14 ಫೆಮ್ಟೊಮೀಟರ್ ಆಗುತ್ತದೆ. ಪ್ರೋಟಾನಿನ ತ್ರಿಜ್ಯ 0.84 ಮಾತ್ರ.

ಇಂಥ ಸಡಿಲ ವಸ್ತು ಟೆವಟ್ರಾನ್ ಎಂಬ ಕಣವೇಗವರ್ಧಕದ ಭೀಕರ ಘರ್ಷಣೆಯಲ್ಲಿ ಹುಟ್ಟುವುದಾದರೂ ಹೇಗೆ? ಬಿನ್ಯಾಮಿನಿ, ಗ್ರಿನ್‌ಸ್ಟೈನ್, ಪಿಚ್ಚಿನಿನಿ, ಪೊಲೊಸಾ, ಸಬೆಲ್ಲಿ 2009ರಲ್ಲಿ ಈ ಪ್ರಶ್ನೆಯನ್ನು ಲೆಕ್ಕಕ್ಕಿಳಿಸಿದರು. ಅಣ್ಣಿಗೇರಿಯ ಜಾತ್ರೆಯಲ್ಲಿ ಒಂದೇ ನಡಿಗೆಯವರಿಬ್ಬರ ಕೈ ಕೂಡಿರುತ್ತದೆ, ಒಬ್ಬ ಮುಂದೋಡಿದರೆ ಬಿಟ್ಟುಹೋಗುತ್ತದೆ. ಅವರ ತರ್ಕವೂ ಇಷ್ಟೇ. ಹರ್ವಿಗ್, ಪಿಥಿಯಾ ಎಂಬ ತಂತ್ರಾಂಶಗಳಿಂದ ಕಂಪ್ಯೂಟರಿನಲ್ಲಿ ಘರ್ಷಣೆಗಳನ್ನು ಸೃಷ್ಟಿಸಿ, ಸಾಪೇಕ್ಷ ಸಂವೇಗ 35 ಎಂಇವಿಗಿಂತ ಕಡಿಮೆಯಿರುವ ಮೆಸಾನ್ ಜೋಡಿಗಳನ್ನಷ್ಟೇ ಎಣಿಸಿದರು. ಉತ್ಪಾದನೆಯ ಪ್ರಮಾಣಕ್ಕೆ (ಕ್ರಾಸ್ ಸೆಕ್ಷನ್) ಬಂದ ಗರಿಷ್ಠ ಮೌಲ್ಯ 0.085 ನ್ಯಾನೊಬಾರ್ನ್. ಸಿಡಿಎಫ್ ಪ್ರಯೋಗದ ದತ್ತಾಂಶ ಕೇಳುತ್ತಿದ್ದದ್ದು ಕನಿಷ್ಠ 3.1, ಅಂದರೆ ಮೂವತ್ತು ಪಟ್ಟಿಗೂ ಮೇಲೆ. ಅಣುವಾದ ಸೋತಿತೆಂದೇ ಅನೇಕರಿಗೆ ತೋರಿತು.

ಆರ್ಟ್ವಾಸೆನೆ ಮತ್ತು ಬ್ರಾಟೆನ್ ಅದೇ ವರ್ಷ ಆಕ್ಷೇಪಿಸಿದರು. ಹುಟ್ಟಿದ ಮೇಲೂ ಮೆಸಾನುಗಳು ಒಂದನ್ನೊಂದು ಚದುರಿಸುತ್ತವೆ; ಹಾಗಾಗಿ ಪಯಾನ್ ಎಂಬ ಹಗುರ ಮೆಸಾನಿನ ದ್ರವ್ಯರಾಶಿಯ ಒಂದೆರಡು ಪಟ್ಟು ಸಂವೇಗವಿರುವ ಜೋಡಿಗಳೂ ಬಂಧನಕ್ಕೆ ಬರಬಲ್ಲವು ಎಂಬುದು ಅವರ ವಾದ. ಇಲ್ಲಿ ಗಣಿತವನ್ನು ಹತ್ತಿರದಿಂದ ನೋಡಬೇಕು. ಎಣಿಕೆಗೆ ಸಿಗುವ ಜೋಡಿಗಳ ಸಂಖ್ಯೆ ಸಂವೇಗಮಿತಿಯ ಘನಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. ಮಿತಿಯನ್ನು 35ರಿಂದ 350ಕ್ಕೆ ಏರಿಸಿದರೆ ಉತ್ತರ ಸಾವಿರ ಪಟ್ಟಾಗುತ್ತದೆ! ಮೂವತ್ತು ಪಟ್ಟಿನ ಕೊರತೆ ಇದರ ಮುಂದೆ ಏನೂ ಅಲ್ಲ. ನನ್ನ ಅಭಿಪ್ರಾಯದಲ್ಲಿ 2009ರ ಆ ಲೆಕ್ಕ ಅಣುವಾದವನ್ನು ಪರೀಕ್ಷಿಸಲಿಲ್ಲ, 35 ಎಂಬ ಆಯ್ಕೆಯನ್ನು ಪರೀಕ್ಷಿಸಿತು.

ಒಟ್ಟು ಉತ್ಪಾದನೆಗಿಂತ ಅದು ಪರಿಸರದೊಡನೆ ಬದಲಾಗುವ ಬಗೆ ಹೆಚ್ಚು ಹೇಳೀತು. ಘರ್ಷಣೆಯಲ್ಲಿ ಹೊಮ್ಮುವ ಕಣಗಳು ಹೆಚ್ಚಿದಂತೆ, ಸೈ(2ಎಸ್) ಎಂಬ ಸಾಮಾನ್ಯ ಕ್ವಾರ್ಕ್-ಪ್ರತಿಕ್ವಾರ್ಕ್ ಕಣಕ್ಕೆ ಹೋಲಿಸಿದರೆ ಎಕ್ಸ್(3872)ರ ಪ್ರಮಾಣ ಇಳಿಯುತ್ತದೆಂದು ಜಿನೀವಾ ಬಳಿಯ ಎಲ್‌ಎಚ್‌ಸಿಬಿ ತಂಡ 2021ರಲ್ಲಿ ಪ್ರಕಟಿಸಿತು. ಇದನ್ನೂ ಎರಡೂ ಪಕ್ಷಗಳು ತಮ್ಮತಮ್ಮ ಕಡೆಗೆ ಎಳೆದುಕೊಂಡವು. ಜೊತೆಗೆ ಹೊಮ್ಮುವ ಸಹಪಯಣಿಗ ಕಣಗಳು ಎಕ್ಸ್(3872)ನ್ನು ಒಡೆಯುವ ಸಂಭವವನ್ನು ಎಷ್ಟೆಂದು ಹಿಡಿಯುವುದು ಎಂಬಲ್ಲಿಗೆ ತಕರಾರು ಬಂದು ನಿಂತಿತು. ಹಳೆಯ ತೊಡಕೇ ಹೊಸ ವೇಷದಲ್ಲಿ. ಮುನ್ಸೂಚನೆ ಕೊಡುವವರು ಒಂದೇ ಅಂಕಿಯನ್ನಲ್ಲ, ಊಹೆ ಬದಲಾದಾಗ ಆ ಅಂಕಿ ಎಷ್ಟು ಅಲುಗುತ್ತದೆ ಎಂಬುದನ್ನೂ ಕಡ್ಡಾಯವಾಗಿ ಕೊಡಬೇಕು.

ಹೀಗೆ ಊಹೆಯನ್ನು ಬದಲಿಸಿ ನೋಡುವ ಪರೀಕ್ಷೆಗೆ ಜಿನೀವಾಕ್ಕೇ ಹೋಗಬೇಕಿಲ್ಲ. ಪಿಥಿಯಾ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನವಲಗುಂದ, ಕುಂದಗೋಳ, ಕಲಘಟಗಿಗಳಲ್ಲಿ ಭೌತಶಾಸ್ತ್ರ ಕಲಿಸುವವರು ತಮ್ಮ ವಿದ್ಯಾರ್ಥಿಗಳಿಂದ ಮೆಸಾನ್ ಜೋಡಿಗಳ ಈ ಎಣಿಕೆಯನ್ನು ಬೇರೆಬೇರೆ ಸಂವೇಗಮಿತಿಗಳಿಗೆ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲೇ ಬರೆಸಬೇಕೆಂದು ಕೋರುತ್ತೇನೆ.